ದೊಡ್ಡಹುಂಡಿಯ ಶಿಲೆಯೂ ಗಣಕದ ಪದಾರ್ಥವಿನ್ಯಾಸವೂ: ಒಂದು ವಿಮರ್ಶೆ

ಹಸ್ತಪ್ರತಿ ಹಾಗೂ ಶಾಸನಗಳ ಸೂಚಿಗಳನ್ನು ಗಣಕಯಂತ್ರಕ್ಕೆ ಅಳವಡಿಸುವ ಕಾರ್ಯವು ಇಂದು ಅನೇಕ ಸಂಸ್ಥೆಗಳಲ್ಲಿ ನಡೆಯುತ್ತಿದೆ. ಬರಿಯ ಹೆಸರುಗಳ ಪಟ್ಟಿ ಸಾಲದೆ, ವಸ್ತುಗಳ ವರ್ಗಗಳನ್ನೂ ಅವುಗಳೊಳಗಣ ಸಂಬಂಧಗಳನ್ನೂ ನಿಯತಗೊಳಿಸುವ ‘ಆಂಟಾಲಜಿ’ ಎಂಬ ವ್ಯವಸ್ಥೆಯನ್ನು ಆಶ್ರಯಿಸುವ ಪ್ರವೃತ್ತಿಯೂ ಬೆಳೆದಿದೆ. ಇದನ್ನು ಪದಾರ್ಥವಿನ್ಯಾಸವೆಂದು ಕರೆಯಬಹುದು. ಇಂತಹ ವಿನ್ಯಾಸವನ್ನು ರಚಿಸಿ ನಿರ್ವಹಿಸುವ ತಂತ್ರಾಂಶಗಳು ನಮ್ಮ ಅಧ್ಯಯನಕ್ಕೆ ಎಷ್ಟರಮಟ್ಟಿಗೆ ಉಪಯುಕ್ತ, ಎಲ್ಲಿ ಅಪಾಯಕಾರಿ ಎಂಬುದನ್ನು ಒಂದು ಶಿಲೆಯ ನಿದರ್ಶನದಿಂದ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ವರ್ಗೀಕರಣವು ಜೈನ ವಿದ್ವಾಂಸರಿಗೆ ಹೊಸದಲ್ಲ. ಮೋಹನಲಾಲ ಬಾಂಠಿಯಾ ಮತ್ತು ಶ್ರೀಚಂದ ಚೋರಡಿಯಾ ಅವರು 1966ರಲ್ಲಿ ಪ್ರಕಟಿಸಿದ ‘ಲೇಶ್ಯಾಕೋಶ’ವು ಜೈನ ವಿಷಯಗಳನ್ನು ದಶಾಂಶ ಪದ್ಧತಿಯಿಂದ ವಿಂಗಡಿಸುವ ಯೋಜನೆಯ ಫಲ. ಆ ಪದ್ಧತಿಯಲ್ಲಿ ಒಂದು ವಿಷಯಕ್ಕೆ ಒಂದೇ ಮುಖ್ಯ ಸ್ಥಾನ. ಈಗಿನ ತಂತ್ರಾಂಶಗಳಲ್ಲಿ ಒಂದು ವಸ್ತುವು ಅನೇಕ ವರ್ಗಗಳಿಗೆ ಸೇರಬಹುದು. ಇದು ನಿಸ್ಸಂದೇಹವಾಗಿ ಮುನ್ನಡೆಯೇ. ಇವುಗಳಲ್ಲಿ ಬಹುಪ್ರಸಿದ್ಧವಾದುದು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ‘ಪ್ರೊಟೇಜೆ’. 1980ರ ದಶಕದಲ್ಲಿ ವೈದ್ಯಕೀಯ ಜ್ಞಾನವನ್ನು ವ್ಯವಸ್ಥಿತಗೊಳಿಸಲು ಹುಟ್ಟಿದ ಈ ಸಾಧನವು ಉಚಿತವಾಗಿ ದೊರೆಯುತ್ತದೆ. 2004ರಲ್ಲಿ ಮಾನ್ಯತೆ ಪಡೆದು 2009ರಲ್ಲಿ ವಿಸ್ತೃತಗೊಂಡ ‘ಔಲ್’ ಎಂಬ ನಿಯತಭಾಷೆಯಲ್ಲಿ ಬರೆದ ವಿನ್ಯಾಸಗಳನ್ನು ಅದು ನಿರ್ವಹಿಸುತ್ತದೆ. ಅದರೊಡನೆ ಜೋಡಿಸುವ ತರ್ಕಯಂತ್ರವು ಹೇಳಿಕೆಗಳಲ್ಲಿ ಪರಸ್ಪರ ವಿರೋಧವಿದ್ದರೆ ಎತ್ತಿ ತೋರಿಸುತ್ತದೆ.

ಇನ್ನು ಶಿಲೆಯ ವಿಚಾರ. ಕಪಿಲಾ ತೀರದ ನಂಜನಗೂಡು, ಕಪಿಲಾ ಕಾವೇರಿಗಳ ಸಂಗಮದ ತಿರುಮಕೂಡಲು ನರಸೀಪುರ, ಇವೆರಡೂ ಗಂಗರ ಇತಿಹಾಸಕ್ಕೆ ನಿಕಟವಾದ ಸೀಮೆಗಳು. ಗಂಗರ ರಾಜಧಾನಿ ತಲಕಾಡು ನರಸೀಪುರ ತಾಲ್ಲೂಕಿನಲ್ಲಿಯೇ ಇದೆ. ಅದೇ ತಾಲ್ಲೂಕಿನ ದೊಡ್ಡಹುಂಡಿಯ ಶಿಲೆಯು ಗಂಗರಾಜ ಎರೆಗಂಗ ನೀತಿಮಾರ್ಗನ ಮರಣವನ್ನು ಸ್ಮರಿಸುತ್ತದೆ. ಅದರ ಕಾಲವನ್ನು ಕ್ರಿ.ಶ. 840 ಎಂದೂ 869 ಎಂದೂ ನಿರ್ಣಯಿಸಿರುವುದುಂಟು. ಶಿಲ್ಪದಲ್ಲಿ ಮಂಚದ ಮೇಲೆ ಒರಗಿದ ಅರಸನಿದ್ದಾನೆ. ಬಳಿಯಲ್ಲಿ ಪರಿಚಾರಕನೂ ಕುಮಾರನೂ ಇದ್ದಾರೆ. ಪಾಠದಲ್ಲಿ ಅರಸನು ಸ್ವರ್ಗಸ್ಥನಾದುದು, ಸೇವಕನಾದ ಅಗರಯ್ಯನು ಕೀಳ್ಗುಂಟೆಯಾದುದು, ರಾಜಪುತ್ರ ಸತ್ಯವಾಕ್ಯನು ದತ್ತಿಯಿತ್ತುದು ಉಕ್ತವಾಗಿವೆ.

ಇದು ವೀರಗಲ್ಲೋ, ನಿಸಿಧಿಯೋ, ಕೀಳ್ಗುಂಟೆಯ ಸ್ಮಾರಕವೋ? ಮೂರು ಹೆಸರುಗಳಿಗೂ ಆಧಾರವುಂಟು. ಅರಸನ ಮರಣವನ್ನು ಸಮಾಧಿಮರಣವೆಂದು ಗ್ರಹಿಸಿದವರು ಶಿಲೆಯನ್ನು ನಿಸಿಧಿಯೆಂದರು. ಸೂಚೀಕಾರನು ‘ವೀರಗಲ್ಲು’ ಮತ್ತು ‘ನಿಸಿಧಿ’ ಎಂಬ ವರ್ಗಗಳನ್ನು ಪರಸ್ಪರ ಭಿನ್ನವೆಂದು ಘೋಷಿಸಿ, ದೊಡ್ಡಹುಂಡಿಯ ಶಿಲೆಯನ್ನು ಎರಡರಲ್ಲಿಯೂ ಸೇರಿಸಿದನೆನ್ನೋಣ. ತರ್ಕಯಂತ್ರವು ಇಡೀ ವಿನ್ಯಾಸವೇ ಅಸಂಗತವೆಂದು ಸಾರುತ್ತದೆ. ಆ ಮೇಲೆ ಅದರಿಂದ ಯಾವ ಅನುಮಾನವೂ ವಿಶ್ವಾಸಾರ್ಹವಲ್ಲ. ಸೂಚೀಕಾರನು ಬೇಸತ್ತು ಒಂದು ವರ್ಗವನ್ನು ಅಳಿಸುತ್ತಾನೆ. ಯಂತ್ರವು ಸಮಾಧಾನಗೊಳ್ಳುತ್ತದೆ, ಇತಿಹಾಸವು ಕುಗ್ಗುತ್ತದೆ. ನಿಸಿಧಿಯೆಂದಷ್ಟೇ ಉಳಿಸಿದರೆ ಒಡೆಯನಿಗಾಗಿ ಪ್ರಾಣವಿತ್ತ ಅಗರಯ್ಯನು ಸೂಚಿಯಿಂದ ಮರೆಯಾಗುತ್ತಾನೆ. ವೀರಗಲ್ಲೆಂದಷ್ಟೇ ಉಳಿಸಿದರೆ ಅರಸನ ಮರಣವಿಧಿಯ ಪ್ರಶ್ನೆಯೇ ಅಳಿಸಿಹೋಗುತ್ತದೆ.

ದೋಷವು ಯಂತ್ರದ್ದೆನ್ನಲಾಗದು. ವರ್ಗಗಳು ಭಿನ್ನವೆಂದು ಅದು ತಾನಾಗಿ ಭಾವಿಸುವುದಿಲ್ಲ. ನಾವು ಹೇಳಿದುದನ್ನೇ ನಂಬುತ್ತದೆ. ದೋಷವಿರುವುದು ಪ್ರಶ್ನೆಯಲ್ಲಿ. ಶಿಲೆ ಒಂದು, ಘಟನೆಗಳು ಮೂರು: ಅರಸನ ಮರಣ, ಸೇವಕನ ಆತ್ಮಾರ್ಪಣೆ, ಕುಮಾರನ ದತ್ತಿ. ದ್ರವ್ಯವೊಂದಕ್ಕೆ ಪರ್ಯಾಯಗಳು ಹಲವೆಂಬುದನ್ನು ತತ್ತ್ವಾರ್ಥದ ಪಾಠದಲ್ಲಿ ತಿಳಿದವರು ಇದನ್ನು ಮರೆಯಬಾರದು. ವಸ್ತುಸಂಗ್ರಹಾಲಯಗಳಿಗಾಗಿ ರೂಪುಗೊಂಡು 2006ರಲ್ಲಿ ಅಂತಾರಾಷ್ಟ್ರೀಯ ಮಾನಕವಾದ ‘ಸಿಡಾಕ್ ಸಿ.ಆರ್.ಎಂ.’ ಎಂಬ ವಿನ್ಯಾಸವು ಘಟನೆಯನ್ನೇ ಕೇಂದ್ರವಾಗಿ ಇಟ್ಟುಕೊಂಡಿದೆ. ವಸ್ತುವಿಗೆ ವರ್ಗವನ್ನು ಆರೋಪಿಸುವ ಕ್ರಿಯೆಯನ್ನೂ ಅದು ಒಂದು ಘಟನೆಯಾಗಿ ದಾಖಲಿಸುತ್ತದೆ: ಯಾರು, ಯಾವಾಗ, ಯಾವ ಹೆಸರನ್ನು ಇಟ್ಟರು ಎಂದು. ಆಗ ‘ಈ ಶಿಲೆ ನಿಸಿಧಿ’ ಎಂಬುದರ ಸ್ಥಾನದಲ್ಲಿ ‘ಇಂತಹ ವಿದ್ವಾಂಸರು ಶಿಲ್ಪದ ಆಧಾರದಿಂದ ಇದನ್ನು ನಿಸಿಧಿಯೆಂದರು’ ಎಂಬ ವಾಕ್ಯ ನಿಲ್ಲುತ್ತದೆ. ಅಭಿಪ್ರಾಯಗಳೆರಡೂ ಉಳಿಯುತ್ತವೆ, ವಿರೋಧವೂ ಬಾರದು.

ಈ ಸಂದರ್ಭದಲ್ಲಿ ಒಂದು ಎಚ್ಚರಿಕೆ ಅವಶ್ಯ. ಉಕ್ತವಲ್ಲದುದನ್ನು ಇಲ್ಲವೆಂದು ಭಾವಿಸದಿರುವುದು ಔಲ್ ಭಾಷೆಯ ನಿಯಮ. ಇದನ್ನು ಕಂಡು ಗಣಕವು ಸ್ಯಾದ್ವಾದವನ್ನು ಅಂಗೀಕರಿಸಿತೆಂದು ಹಿಗ್ಗುವುದು ಯುಕ್ತವಲ್ಲ. ಅಜ್ಞಾತವೇ ಬೇರೆ, ಅವಕ್ತವ್ಯವೇ ಬೇರೆ. ‘ಸ್ಯಾತ್’ ಎಂಬುದು ಸಂಶಯವಾಚಕವಲ್ಲ. ಅಪೇಕ್ಷೆಯನ್ನು ಸೂಚಿಸುವ ನಿಶ್ಚಿತ ಪದ. ಆ ಅಪೇಕ್ಷೆಯನ್ನು ಬರೆಯುವ ಹೊಣೆ ತಂತ್ರಾಂಶದ್ದಲ್ಲ, ಪಂಡಿತನದು.

ನಿಕ್ಷೇಪವಿಚಾರವು ಇಲ್ಲಿ ಹೆಚ್ಚು ಪ್ರಯೋಜನಕಾರಿ. ‘ಚಂದ್ರಪ್ರಭ’ ಎಂಬ ಶಬ್ದವು ಒಂದು ಕಡೆ ವ್ಯಕ್ತಿಯೊಬ್ಬನ ಹೆಸರು, ಇನ್ನೊಂದು ಕಡೆ ಪ್ರತಿಷ್ಠಿತ ಬಿಂಬ, ಮತ್ತೊಂದು ಕಡೆ ಸ್ವಯಂ ತೀರ್ಥಂಕರ. ನಾಮ, ಸ್ಥಾಪನೆ, ದ್ರವ್ಯ, ಭಾವಗಳನ್ನು ಬೇರ್ಪಡಿಸದೆ ಒಂದೇ ದಾಖಲೆಯಾಗಿಸಿದರೆ, ಬಿಂಬದ ಪ್ರತಿಷ್ಠಾಕಾಲವು ತೀರ್ಥಂಕರನ ಕಾಲವಾಗಿ ತೋರುತ್ತದೆ. ಇದು ಕಲ್ಪಿತ ಭಯವಲ್ಲ. ಎರಡು ದಾಖಲೆಗಳು ಒಂದೇ ಎಂದು ಘೋಷಿಸಿದೊಡನೆ ಒಂದರ ಗುಣಗಳೆಲ್ಲವನ್ನೂ ಇನ್ನೊಂದಕ್ಕೆ ಹೊರಿಸುವುದು ಈ ಯಂತ್ರಗಳ ಸ್ವಭಾವ.

ಶಾಸನಸಂಖ್ಯೆಗಳಲ್ಲಿಯೂ ಇದೇ ತೊಡಕು. ರೈಸ್ ಅವರು 1894ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕದ ಮೂರನೆಯ ಸಂಪುಟದಲ್ಲಿ ನಂಜನಗೂಡು ಮತ್ತು ನರಸೀಪುರ ಒಟ್ಟಿಗಿದ್ದವು. ಮೈಸೂರು ವಿಶ್ವವಿದ್ಯಾನಿಲಯದ ಪರಿಷ್ಕೃತ ಆವೃತ್ತಿಯಲ್ಲಿ ನಂಜನಗೂಡು ಮೂರನೆಯ ಸಂಪುಟಕ್ಕೂ (1974) ನರಸೀಪುರ ಐದನೆಯದಕ್ಕೂ (1976) ಸೇರಿದವು. ಮೂರನೆಯದರಲ್ಲಿ ನಂಜನಗೂಡಿನ ಜೊತೆಗಿದ್ದ ಗುಂಡ್ಲುಪೇಟೆಯು 1997ರಿಂದ ಚಾಮರಾಜನಗರ ಜಿಲ್ಲೆಯಲ್ಲಿದೆ. ಶಿಲೆ, ಅದರ ಪಾಠ, ಆ ಪಾಠದ ಒಂದೊಂದು ಮುದ್ರಣ, ಶಾಸನೋಕ್ತ ನಾಡು, ಇಂದಿನ ತಾಲ್ಲೂಕು, ಇವೆಲ್ಲವೂ ಪ್ರತ್ಯೇಕ ಪದಾರ್ಥಗಳೆಂದು ಮೊದಲೇ ನಿರ್ಧರಿಸದಿದ್ದರೆ 1894 ಎಂಬುದು ಶಿಲೆಯ ಕಾಲವಾಗಿ ಬಿಡುವುದಕ್ಕೆ ಅಡ್ಡಿಯಿಲ್ಲ.

ಓಲೆಗರಿಯ ಪ್ರತಿಗಳಿಗೂ ಇದು ಅನ್ವಯಿಸುತ್ತದೆ. ಮೂಡಬಿದಿರೆಯ ಧವಲಾ ಪ್ರತಿಯ ಒಂದೇ ಗರಿಯಲ್ಲಿ ಪುಷ್ಪದಂತ ಭೂತಬಲಿಗಳ ಪರಂಪರೆಯ ಸೂತ್ರವೂ ವೀರಸೇನರ ಟೀಕೆಯೂ ಇರಬಹುದು. ‘ಕರ್ತೃ’ ಎಂಬ ಒಂದೇ ಅಂಕಣವಿರುವ ಸೂಚಿಯು ಇಲ್ಲಿ ಯಾರ ಹೆಸರನ್ನು ಬರೆಯಬೇಕು? ಲಿಪಿಕಾರನಿಗೂ ಪ್ರತಿಯನ್ನು ಬರೆಯಿಸಿ ದಾನಮಾಡಿದ ಶ್ರಾವಿಕೆಗೂ ಸ್ಥಾನವೆಲ್ಲಿ?

ಈ ತಂತ್ರಾಂಶಗಳನ್ನು ತ್ಯಜಿಸಬೇಕೆಂಬುದು ನಮ್ಮ ಅಭಿಪ್ರಾಯವಲ್ಲ. ಅವು ಅಸಂಗತಿಯನ್ನು ಹಿಡಿಯುತ್ತವೆ, ಸತ್ಯವನ್ನು ಹಿಡಿಯಲಾರವು. ಲಕ್ಷಣನಿರೂಪಣೆಯು ತಂತ್ರಜ್ಞರ ಕೈಸೇರಿ, ಪಂಡಿತರು ಪಟ್ಟಿ ತುಂಬುವವರಾಗಿ ಉಳಿಯಬಾರದು. ದೊಡ್ಡಹುಂಡಿಯ ಶಿಲೆ ನಮ್ಮದೆಂಬ ಅಭಿಮಾನದಿಂದ ಅದನ್ನು ನಿಸಿಧಿಯ ವರ್ಗದಲ್ಲಿ ಬೀಗಹಾಕಿ ಇಡುವುದೂ ಸಲ್ಲದು. ಅರಸನಿಗೆ ನಿಸಿಧಿಯೆಂಬ ಮಾತು ಸಾಧುವಾದರೆ ಸೇವಕನಿಗೆ ಕೀಳ್ಗುಂಟೆಯೆಂಬ ಮಾತೂ ಸಾಧುವೇ. ಇಬ್ಬರಿಗೂ ಎಡೆಕೊಡುವ ಸೂಚಿಯೇ ಅನೇಕಾಂತಕ್ಕೆ ಒಪ್ಪುವ ಸೂಚಿ.