ಮಂದಗಾಮಿಯೂ ಮತದಾರನೂ: ಡಿ. ವಿ. ಜಿ. ಅವರ ರಾಜಕೀಯ ಗದ್ಯವನ್ನು ಕುರಿತು

ಸೌಮ್ಯಪಕ್ಷದ ರಾಜಕಾರಣಿಗೆ ಕನ್ನಡದ ವೃತ್ತಪತ್ರಿಕೆಗಳು ಬಹುಕಾಲದ ಹಿಂದೆ ಕೊಟ್ಟ ಹೆಸರು ‘ಮಂದಗಾಮಿ’ ಎಂಬುದು. ಈ ಹೆಸರನ್ನು ಮೊದಲು ಬಳಸಿದವರು ಯಾರೇ ಆಗಿರಲಿ, ಅವರು ಆ ಪಕ್ಷಕ್ಕೆ ಉಪಕಾರವನ್ನು ಮಾಡಲಿಲ್ಲ. ಕಾವ್ಯದಲ್ಲಿ ಮಂದಗಮನವು ನಾಯಿಕೆಗೆ ಭೂಷಣವಷ್ಟೆ. ಜ್ಯೋತಿಷದಲ್ಲಾದರೋ ಮಂದನೆಂದರೆ ಶನಿ. ಮತದಾರನ ಕಿವಿಗೆ ಬಿದ್ದುದು ಈ ಎರಡನೆಯ ಅರ್ಥವೇ. ಇದೇ ಮನುಷ್ಯನಿಗೆ ‘ಮಿತವಾದಿ’ ಎಂಬ ಇನ್ನೊಂದು ಹೆಸರೂ ಉಂಟು. ಅದರ ಮೂಲವಾದ ‘ಮಾ’ ಧಾತುವಿಗೆ ಅಳೆಯುವುದೆಂದು ಅರ್ಥ. ಆದುದರಿಂದ ಮಿತವಾದಿಯು ನಿಧಾನವಾಗಿ ನಡೆಯುವವನಲ್ಲ, ಅಳೆದು ಮಾತನಾಡುವವನು. ಅಳೆಯುವವನ ಕೈಯಲ್ಲಿ ಒಂದು ಅಳತೆಗೋಲಿರಬೇಕು. ಅದು ಇದೆಯೋ ಇಲ್ಲವೋ ಎಂಬುದನ್ನು ನೋಡಿಯೇ ಅವನಿಗೆ ಮತವನ್ನು ಕೊಡಬೇಕೋ ಬೇಡವೋ ಎಂಬುದನ್ನು ನಿರ್ಣಯಿಸಬೇಕು. ಈ ವಿಚಾರವನ್ನು ಕನ್ನಡದಲ್ಲಿ ಅತ್ಯಂತ ಶ್ರದ್ಧೆಯಿಂದ ನಡೆಸಿದ ಲೇಖಕರು ಕೋಲಾರ ಜಿಲ್ಲೆಯವರೇ ಆದ ಡಿ. ವಿ. ಗುಂಡಪ್ಪನವರು.

1887ರಲ್ಲಿ ಮುಳಬಾಗಿಲಿನಲ್ಲಿ ಹುಟ್ಟಿದ ಗುಂಡಪ್ಪನವರನ್ನು ಇಂದಿನ ಮನೆಗಳು ಬಲ್ಲುದು ‘ಮಂಕುತಿಮ್ಮನ ಕಗ್ಗ’ದಿಂದ. ಅವರು ಪತ್ರಿಕಾಕರ್ತರೂ, ಮೈಸೂರಿನ ನ್ಯಾಯವಿಧಾಯಕ ಸಭೆಯ ಸದಸ್ಯರೂ, 1945ರಲ್ಲಿ ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಸ್ಥಾಪಿಸಿದವರೂ ಆಗಿದ್ದರೆಂಬುದನ್ನು ಬಲ್ಲವರು ಕಡಮೆ. ‘ಗೋಪಾಲಕೃಷ್ಣ ಗೋಖಲೆ’ ಎಂಬ ಚರಿತ್ರೆಯನ್ನೂ, ‘ರಾಜ್ಯಶಾಸ್ತ್ರ’ವನ್ನೂ, ‘ವೃತ್ತಪತ್ರಿಕೆ’ಯನ್ನೂ ಒಟ್ಟಿಗೆ ಓದಿದವರು ಮತ್ತೂ ಕಡಮೆ. ಕಗ್ಗವನ್ನು ಬಾಯಿಪಾಠ ಮಾಡಿದ ಮನೆಯಲ್ಲಿಯೇ ಈ ಗದ್ಯವು ಕಪಾಟಿನ ಮೇಲಿನ ಸಾಲಿನಲ್ಲಿ ಧೂಳು ತಿನ್ನುತ್ತಿರುವುದು ವಿಷಾದಕರ.

ಗೋಖಲೆಯವರ ಚರಿತ್ರೆಯು ಮಿತವಾದಿಯ ಪರವಾದ ವಕಾಲತ್ತಾಗಿ ಇಂದಿಗೂ ನಿಲ್ಲಬಲ್ಲುದೇ? ಈ ಪ್ರಶ್ನೆಗೆ ಉತ್ತರವು ಅಂಕಿಗಳಲ್ಲಿದೆ. ಗೋಖಲೆಯವರು 1902ರಲ್ಲಿ ವೈಸರಾಯರ ಶಾಸನಸಭೆಯಲ್ಲಿ ತಮ್ಮ ಮೊದಲನೆಯ ಆಯವ್ಯಯ ಭಾಷಣವನ್ನು ಮಾಡಿದಾಗ ಉಪ್ಪಿನ ಸುಂಕವು ಮಣವೊಂದಕ್ಕೆ 2 ರೂಪಾಯಿ 8 ಆಣೆಯಾಗಿತ್ತು. ಬಡವನ ಅನ್ನದ ಮೇಲೆ ಬಿದ್ದ ಆ ತೆರಿಗೆಯನ್ನು ಅವರು ವರ್ಷ ವರ್ಷವೂ ಸರಕಾರದ ಲೆಕ್ಕಗಳಿಂದಲೇ ಖಂಡಿಸುತ್ತ ಬಂದರು. ಸುಂಕವು 1903ರಲ್ಲಿ 2 ರೂಪಾಯಿಗೂ, 1905ರಲ್ಲಿ ಒಂದೂವರೆ ರೂಪಾಯಿಗೂ, 1907ರಲ್ಲಿ ಒಂದು ರೂಪಾಯಿಗೂ ಇಳಿಯಿತು. ಇಳಿತವೆಲ್ಲವೂ ಒಬ್ಬನ ವಾಗ್ಮಿತೆಯ ಫಲವೆಂದು ಹೇಳುವುದು ಅತಿಶಯೋಕ್ತಿಯಾದೀತು; ಆ ವರ್ಷಗಳಲ್ಲಿ ಬೊಕ್ಕಸವು ತುಂಬಿತ್ತೆಂಬುದೂ ಒಂದು ಕಾರಣ. ಆದರೆ ತುಂಬಿದ ಬೊಕ್ಕಸದ ಹಣವು ಮೊದಲು ಯಾರಿಗೆ ಹಿಂದಿರುಗಬೇಕೆಂಬ ವಾದವನ್ನು ಹೂಡಿದವರಲ್ಲಿ ಅವರು ಅಗ್ರಗಣ್ಯರು. ಇದೇ ಸುಂಕವು 1923ರಲ್ಲಿ ಮತ್ತೆ ಎರಡೂವರೆ ರೂಪಾಯಿಗೆ ಏರಿದಾಗ ಸಭೆಯೊಳಗೆ ಗೋಖಲೆಯವರಿರಲಿಲ್ಲ. 1930ರಲ್ಲಿ ಅವರನ್ನು ಗುರುವೆಂದು ಕರೆದ ಶಿಷ್ಯರೇ ದಂಡಿಯ ತೀರಕ್ಕೆ ನಡೆಯಬೇಕಾಯಿತು.

ಇನ್ನೊಂದು ಅಂಕಿಯು ಇಷ್ಟು ಸಂತೋಷಕರವಲ್ಲ. ಕಡ್ಡಾಯ ಪ್ರಾಥಮಿಕ ಶಿಕ್ಷಣಕ್ಕಾಗಿ ಅವರು 1911ರಲ್ಲಿ ಮಂಡಿಸಿದ ಮಸೂದೆಯು 1912ರಲ್ಲಿ 13ಕ್ಕೆ 38 ಮತಗಳಿಂದ ಬಿದ್ದುಹೋಯಿತು. ಮೈಸೂರು ಸಂಸ್ಥಾನದಲ್ಲಿ 1913ರಲ್ಲಿಯೇ ಪ್ರಾಥಮಿಕ ಶಿಕ್ಷಣದ ಕಾಯಿದೆ ಬಂದಿತಾದರೂ, ದೇಶದ ಎಲ್ಲ ಮಕ್ಕಳಿಗೂ ಅದು ಹಕ್ಕಾಗಿ ಜಾರಿಗೆ ಬಂದುದು 2010ರಲ್ಲಿ. ನೂರು ವರ್ಷಕ್ಕೆ ಎರಡು ಕಡಮೆ! ಮಂದಗಾಮಿ ಎಂಬ ಹೆಸರನ್ನು ಸಮರ್ಥಿಸುವವರು ಈ ಲೆಕ್ಕವನ್ನು ಎತ್ತಿ ತೋರಿಸಬಹುದು. ಆದರೆ ಮಸೂದೆಯನ್ನು ತಂದವನು ನಿಧಾನಿಯೋ, ತಳ್ಳಿದ ಮೂವತ್ತೆಂಟು ಜನರು ನಿಧಾನಿಗಳೋ ಎಂಬುದನ್ನೂ ಅವರೇ ಹೇಳಬೇಕು.

ಗುಂಡಪ್ಪನವರ ಗದ್ಯದ ಗುಣವು ಇಂತಹ ಸ್ಥಳಗಳಲ್ಲಿ ಪ್ರಕಾಶಕ್ಕೆ ಬರುತ್ತದೆ. ಅವರು ಎದುರು ಪಕ್ಷದ ವಾದವನ್ನು ಅದರ ಪೂರ್ಣಬಲದೊಡನೆ ಇಟ್ಟು ಅನಂತರ ಉತ್ತರ ಹೇಳುತ್ತಾರೆ. ಪೂರ್ವಪಕ್ಷವನ್ನು ದುರ್ಬಲವಾಗಿ ನಿಲ್ಲಿಸಿ ಗೆಲ್ಲುವುದು ಶಾಸ್ತ್ರಾಭ್ಯಾಸಿಗೆ ನಾಚಿಕೆಯೆಂಬ ಸಂಸ್ಕಾರವು ಅವರ ಬರವಣಿಗೆಯಲ್ಲಿ ಎಲ್ಲೆಲ್ಲಿಯೂ ಕಾಣುತ್ತದೆ. ಚುನಾವಣೆಯ ಭಾಷಣಗಳಲ್ಲಿ ಈ ಸಂಸ್ಕಾರವನ್ನು ಹುಡುಕಿದರೆ ಸಿಕ್ಕುವುದು ಅಪರೂಪ.

ಹಾಗಿದ್ದರೂ ಈ ಗದ್ಯದಲ್ಲಿ ಒಂದು ದೊಡ್ಡ ಕೊರತೆಯಿದೆ, ಅದನ್ನು ಭಕ್ತಿಯಿಂದ ಮುಚ್ಚುವುದು ಸಲ್ಲದು. ಅವರ ‘ಜ್ಞಾಪಕ ಚಿತ್ರಶಾಲೆ’ಯಲ್ಲಿ ಮುಳಬಾಗಿಲಿನ ವೈದಿಕರೂ ಸಾಮಾನ್ಯರೂ ಎದುರಿಗೆ ಬಂದು ಕುಳಿತಂತೆ ಕಾಣುತ್ತಾರೆ, ಅವರ ಮಾತಿನ ವರಸೆ, ಹಾಸ್ಯ, ಹಟ, ಬಡತನ ಯಾವುದೂ ತಪ್ಪಿಹೋಗಿಲ್ಲ. ಆದರೆ ಅದೇ ಲೇಖನಿಯು ರಾಜ್ಯಶಾಸ್ತ್ರಕ್ಕೆ ತಿರುಗಿದಾಗ ಆ ಜನರು ಮರೆಯಾಗುತ್ತಾರೆ. ಅಲ್ಲಿ ಉಳಿಯುವವನು ‘ಪ್ರಜೆ’ ಎಂಬ ಒಬ್ಬ ಸಾಮಾನ್ಯನಾಮದ ವ್ಯಕ್ತಿ. ವಿಚಾರಶೀಲನು, ಪತ್ರಿಕೆಯನ್ನು ಓದುವವನು, ಸಂಜೆ ವಿರಾಮವುಳ್ಳವನು. ಮಿತವಾದಿಯಾದ ಅಭ್ಯರ್ಥಿಯ ಯೋಗ್ಯತೆಯನ್ನು ಇಷ್ಟು ಸೂಕ್ಷ್ಮವಾಗಿ ಪರೀಕ್ಷಿಸಿದವರು, ಮತದಾರನು ಯಾವ ಕಷ್ಟದೊಳಗಿಂದ ಅವನನ್ನು ನೋಡುತ್ತಾನೆಂಬುದನ್ನು ಅಷ್ಟೇ ಸೂಕ್ಷ್ಮವಾಗಿ ನೋಡಲಿಲ್ಲ.

ಜಿಲ್ಲೆಯ ಚರಿತ್ರೆಯೇ ಇದಕ್ಕೆ ಸಾಕ್ಷಿ. ಮೈಸೂರಿನ ಪ್ರಜಾಪ್ರತಿನಿಧಿ ಸಭೆಯು 1881ರಲ್ಲಿ ಮೊದಲು ಸೇರಿತು. ಮಿತವಾದದ ರಾಜಕಾರಣಕ್ಕೆ ಅದಕ್ಕಿಂತ ಒಳ್ಳೆಯ ಪಾಠಶಾಲೆಯು ದೇಶೀಯ ಸಂಸ್ಥಾನಗಳಲ್ಲಿ ಬೇರೆ ಇರಲಿಲ್ಲ. ಆದರೂ ಅರ್ಜಿ, ವಿಜ್ಞಾಪನೆ, ಪ್ರಶ್ನೋತ್ತರಗಳಲ್ಲಿ ಐವತ್ತು ವರ್ಷಕ್ಕೂ ಮೀರಿ ಕಳೆದ ಮೇಲೆ, 1938ರ ಏಪ್ರಿಲ್ 25ರಂದು, ಆಗ ಕೋಲಾರ ಜಿಲ್ಲೆಗೆ ಸೇರಿದ್ದ ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ಧ್ವಜಕ್ಕಾಗಿ ನೆರೆದ ಜನರ ಮೇಲೆ ಗುಂಡು ಹಾರಿತು. ಆ ದಿನದಿಂದ ಸೌಮ್ಯವಾದಿಗಳ ಮಾತಿಗೆ ಜಿಲ್ಲೆಯಲ್ಲಿ ಮರ್ಯಾದೆ ಕುಗ್ಗಿತು. ಕ್ಯಾಸಂಬಳ್ಳಿಯ ಕೆ. ಸಿ. ರೆಡ್ಡಿಯವರು ಪ್ರಜಾಪಕ್ಷದಲ್ಲಿ ತಮ್ಮ ರಾಜಕಾರಣವನ್ನು ಆರಂಭಿಸಿ, ಕಾಂಗ್ರೆಸನ್ನು ಸೇರಿ, 1947ರಲ್ಲಿ ಮೈಸೂರಿನ ಮೊದಲನೆಯ ಮುಖ್ಯಮಂತ್ರಿಗಳಾದ ಪಯಣವೂ ಮತದಾರನ ಮನಸ್ಸು ಯಾವ ಕಡೆಗೆ ಹರಿಯಿತೆಂಬುದನ್ನು ಸೂಚಿಸುತ್ತದೆ.

ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಗುಂಡು ಹಾರಿದ ಮರುತಿಂಗಳಿನಲ್ಲಿಯೇ ಸರ್ದಾರ್ ಪಟೇಲರೂ ಆಚಾರ್ಯ ಕೃಪಲಾನಿಯವರೂ ಬಂದು ದಿವಾನ್ ಮಿರ್ಜಾ ಇಸ್ಮಾಯಿಲರೊಡನೆ ಒಪ್ಪಂದವನ್ನು ಮಾಡಿಕೊಂಡರು. ಸಂಸ್ಥಾನದ ಧ್ವಜವೂ ಕಾಂಗ್ರೆಸಿನ ಧ್ವಜವೂ ಒಟ್ಟಿಗೆ ಹಾರಬಹುದೆಂದು ನಿಶ್ಚಯವಾಯಿತು. ಇದಕ್ಕಿಂತ ಮಿತವಾದ ತೀರ್ಮಾನವುಂಟೆ? ತೀವ್ರರು ತೆರೆದ ಬಾಗಿಲಿನೊಳಗೆ ಪತ್ರವನ್ನು ಬರೆದುದು ಮಿತವಾದದ ಲೇಖನಿಯೇ. ಇನ್ನೊಂದು, ಸ್ಥಳದ ಹೆಸರು. ಆ ಅಶ್ವತ್ಥವನ್ನು ನೆಟ್ಟವನು ವಿದುರನೆಂದು ಸ್ಥಳಪುರಾಣ. ಹಸ್ತಿನಾವತಿಯ ಸಭೆಯಲ್ಲಿ ಆದ್ಯಂತವಾಗಿ ಮಿತವನ್ನೇ ಹೇಳಿದವನು ವಿದುರ. ಆದರೆ ಗಮಕವನ್ನು ಕೇಳಿದ ಮನೆಗಳವರಿಗೆ ತಿಳಿದಿರುವಂತೆ, ಕೌರವನು ಅವಮಾನಿಸಿದಾಗ ಆತನು ತನ್ನ ಬಿಲ್ಲನ್ನು ಮುರಿದಿಟ್ಟವನೂ ಹೌದು. ಮಿತವಾದಿಗೂ ಬಿಲ್ಲಿರಬೇಕು, ಅದನ್ನು ಮುರಿಯುವ ಗಳಿಗೆಯೂ ಇರಬೇಕು. ಆ ಗಳಿಗೆಯಾವುದೆಂಬುದನ್ನು ಗೋಖಲೆಯವರ ಚರಿತ್ರೆಯಿಂದ ಕಲಿಯಲು ವಾಚಕನಿಗೆ ಸಾಕಷ್ಟು ಸಾಮಗ್ರಿಯಿಲ್ಲ.

ಈಗ ಕೋಲಾರ ತಾಲ್ಲೂಕಿನ ಹುತ್ತೂರು ಹೋಬಳಿಯ ಮತದಾರನೊಬ್ಬನ ಕೈಗೆ ಈ ಪುಸ್ತಕಗಳನ್ನು ಕೊಟ್ಟರೆ ಏನಾದೀತು? ಅವನ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯೊಂದಿಲ್ಲ, ಕೆರೆಗಳೇ ಗತಿ, ಕೊಳವೆಬಾವಿಗಳು ಸಾವಿರ ಅಡಿಗೂ ಮೀರಿ ಇಳಿದಿವೆ. 2018ರಲ್ಲಿ ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಕೊಳಚೆಯನ್ನು ಎರಡು ಹಂತ ಶುದ್ಧಿಮಾಡಿ, ದಿನಕ್ಕೆ 44 ಕೋಟಿ ಲೀಟರಿನ ಗುರಿಯಿಂದ, ಜಿಲ್ಲೆಯ ಕೆರೆಗಳಿಗೆ ಹರಿಸಲು ತೊಡಗಿದರು. ಬತ್ತಿದ ಕೆರೆ ತುಂಬಿದುದನ್ನು ಕಂಡು ಹರ್ಷಿಸಿದವರುಂಟು. ಕೆರೆಯ ಮೇಲೆ ನೊರೆಯನ್ನು ಕಂಡು ಬೆದರಿದವರೂ ಉಂಟು. ವ್ಯಾಜ್ಯವು ಉಚ್ಚ ನ್ಯಾಯಾಲಯವನ್ನೂ ಸರ್ವೋಚ್ಚ ನ್ಯಾಯಾಲಯವನ್ನೂ ಮುಟ್ಟಿತು. ನೀರೇ ಬೇಡವೆಂಬ ಕೂಗು ಒಂದು ಕಡೆ, ಪ್ರಶ್ನಿಸುವವನು ರೈತದ್ರೋಹಿಯೆಂಬ ಕೂಗು ಮತ್ತೊಂದು ಕಡೆ. ನಡುವೆ ನಿಂತು, ನೀರು ಬರಲಿ, ಆದರೆ ಮೂರನೆಯ ಹಂತದ ಶುದ್ಧಿಯೂ ಆಗಲಿ ಎಂದು ಹೇಳುವವನಿಗೆ ಚಪ್ಪಾಳೆ ಬೀಳುವುದಿಲ್ಲ. ಎರಡು ಕೂಗುಗಳಿಗೂ ಹೆದರಿದ ಹೇಡಿಯೆಂದೇ ಮತದಾರನು ಮೊದಲು ಅವನನ್ನು ಎಣಿಸುವನು. ಅವನನ್ನು ಮರಳಿ ವಿಚಾರಿಸಲು ಪುಸ್ತಕಗಳಿಂದ ದೊರೆಯುವ ಸಹಾಯವು ಇಷ್ಟು: ಗೋಖಲೆಯವರ ಉಪ್ಪಿನ ಲೆಕ್ಕವನ್ನು ಓದಿದವನು, ಅಭ್ಯರ್ಥಿಯ ಬಳಿಗೆ ಹೋಗಿ, ಮೂರನೆಯ ಹಂತಕ್ಕೆ ಎಷ್ಟು ಹಣ, ಯಾವ ಬಾಬಿನಿಂದ, ಯಾವ ವರ್ಷದೊಳಗೆ, ಅದುವರೆಗೆ ಅಂತರ್ಜಲವನ್ನು ತಿಂಗಳಿಗೆ ಎಷ್ಟು ಸಲ ಪರೀಕ್ಷಿಸುವವರು ಯಾರು, ಫಲಿತಾಂಶವನ್ನು ಯಾವ ಗ್ರಾಮಪಂಚಾಯತಿಯ ಗೋಡೆಗೆ ಅಂಟಿಸುತ್ತಾರೆಂದು ಕೇಳಬಲ್ಲನು. ಉತ್ತರವಿಲ್ಲದವನು ಕೇವಲ ಮಂದನು. ಉತ್ತರವುಳ್ಳವನ ವಿಷಯ ಬೇರೆ. ಅವನನ್ನು ಕೂಗಿನ ಬಲದಿಂದ ತೂಗುವುದು ಅನ್ಯಾಯ.

ಇಷ್ಟನ್ನು ಪಡೆಯಲು ‘ರಾಜ್ಯಶಾಸ್ತ್ರ’ದ ಪುಟಗಳನ್ನು ಆದಿಯಿಂದ ಅಂತ್ಯದವರೆಗೆ ಓದಲೇಬೇಕೆಂಬ ನಿರ್ಬಂಧವಿಲ್ಲ. ಅದರ ಪರಿಭಾಷೆಯು ಕೆಲವೆಡೆ ಸಂಸ್ಕೃತಾಭ್ಯಾಸವಿಲ್ಲದವನಿಗೆ ಭಾರವಾಗುವುದು ನಿಜ. ಮೊದಲು ಗೋಖಲೆಯವರ ಚರಿತ್ರೆಯನ್ನೂ, ಅನಂತರ ‘ಜ್ಞಾಪಕ ಚಿತ್ರಶಾಲೆ’ಯ ದಿವಾನರ ಸಂಪುಟವನ್ನೂ ಓದಿ, ಕಡೆಗೆ ಶಾಸ್ತ್ರಕ್ಕೆ ಬರುವುದು ಸುಲಭವಾದ ಕ್ರಮ. ದಿವಾನರ ಸಂಪುಟದಲ್ಲಿ ಮಿತವಾದವು ಉಪದೇಶವಾಗಿರದೆ ಮನುಷ್ಯರ ನಡೆವಳಿಕೆಯಾಗಿ ಕಾಣುವುದರಿಂದ, ಮನೆಯಲ್ಲಿ ಗಟ್ಟಿಯಾಗಿ ಓದಿಸಿ ಕೇಳುವುದಕ್ಕೂ ಅದೇ ಹೆಚ್ಚು ಅನುಕೂಲ.