ಕುರಿಯಿಂದ ಉಂಗುರದವರೆಗೆ: ಹಲವು ಕಸುಬಿನ ಆಟಕ್ಕೆ ರಸಿಕರ ಕೈಪಿಡಿ

ರಾಯದುರ್ಗದಲ್ಲಿ ಜೀನ್ಸ್ ಹೊಲಿಯುವ ಘಟಕಗಳು ಬಾಗಿಲೆಳೆದ ಮೇಲೆ ಟೀ ಅಂಗಡಿಯ ಬೆಂಚಿನ ಮೇಲೆ ನಾಲ್ಕಾರು ಹುಡುಗರು ಫೋನ್ ಹಿಡಿದು ಕೂರುತ್ತಾರೆ. ಈಚೆಗೊಂದು ಸಂಜೆ ಅವರಲ್ಲೊಬ್ಬ ತನ್ನ ಓಲ್ಡ್ ಸ್ಕೂಲ್ ರೂನ್‌ಸ್ಕೇಪ್ ಪಾತ್ರಕ್ಕೆ ಹೊಸ ಮೇಲಂಗಿ ತೊಡಿಸಿ ಎಲ್ಲರಿಗೂ ತೋರಿಸಿದ. ಅಡುಗೆಯಲ್ಲಿ 99ನೇ ಲೆವೆಲ್ ಮುಟ್ಟಿದವರು 99,000 ನಾಣ್ಯ ತೆತ್ತು ಕೊಳ್ಳುವ ಮೇಲಂಗಿ ಅದು. ಸುತ್ತಲಿದ್ದವರು ಕೇಳಿದ್ದು ಒಂದೇ ಮಾತು: ಎಷ್ಟು ದಿನ ಹಿಡಿಯಿತು? ಅಷ್ಟು ಮೀನು ಹಿಡಿದವರು ಯಾರು ಎಂದು ಒಬ್ಬನೂ ಕೇಳಲಿಲ್ಲ. ಹುಡುಗ ಅದಷ್ಟನ್ನೂ ಗ್ರ್ಯಾಂಡ್ ಎಕ್ಸ್‌ಚೇಂಜ್ ಎಂಬ ಆಟದೊಳಗಿನ ಮಾರುಕಟ್ಟೆಯಲ್ಲಿ ಕೊಂಡು ತಂದು ಒಲೆಗೆ ಹಾಕಿದ್ದ.

ಈ ಲೇಖಕನ ತಕರಾರು ಇಲ್ಲಿಂದಲೇ ಶುರು.

ಕೇಂಬ್ರಿಡ್ಜಿನ ಜಾಗೆಕ್ಸ್ ಕಂಪನಿಯ ರೂನ್‌ಸ್ಕೇಪ್ ಹುಟ್ಟಿದ್ದು 2001ರಲ್ಲಿ. ಹಳೆಯ ರೂಪವೇ ಬೇಕೆಂದು ಆಟಗಾರರು ಹಟ ಹಿಡಿದು ಮತ ಹಾಕಿದ್ದರಿಂದ, 2007ರ ಪ್ರತಿ 2013ರಲ್ಲಿ ಓಲ್ಡ್ ಸ್ಕೂಲ್ ಎಂಬ ಹೆಸರಿನಲ್ಲಿ ಮತ್ತೆ ತೆರೆಯಿತು. 2018ರಲ್ಲಿ ಅದು ಫೋನಿಗೂ ಬಂತು. ದುಡ್ಡು ಕೊಡದೆ ಆಡುವವರಿಗೂ ಗಣಿ ಕೆಲಸ, ಕಮ್ಮಾರಿಕೆ, ಮೀನುಗಾರಿಕೆ, ಅಡುಗೆ, ಮರ ಕಡಿತ, ಜತೆಗೆ ಚರ್ಮ, ಉಣ್ಣೆ, ಒಡವೆ ಮೂರನ್ನೂ ಒಳಗೊಂಡ ಕ್ರಾಫ್ಟಿಂಗ್ ಕೈಗೆ ಸಿಗುತ್ತವೆ. ಹೇಗೆ ಇಳಿಸಿಕೊಳ್ಳುವುದು, ಎಲ್ಲಿ ಒತ್ತುವುದು ಎಂಬುದನ್ನು ಆಟವೇ ಕಲಿಸುತ್ತದೆ.

ಮೊದಲು ಲೆಕ್ಕ ನೋಡಬೇಕು. ಯಾವ ಕಸುಬಿನಲ್ಲೇ ಆಗಲಿ, ಎರಡನೇ ಲೆವೆಲ್‌ಗೆ ಸಾಕಾಗುವುದು 83 ಎಕ್ಸ್‌ಪಿ, ಅಂದರೆ ಅನುಭವದ ಅಂಕ. 99ಕ್ಕೆ ಬೇಕಾದ್ದು 1,30,34,431. ಏರು ಎಷ್ಟು ಕಡಿದೆಂದರೆ 92ನೇ ಲೆವೆಲ್ ಮುಟ್ಟಿದಾಗ ಅರ್ಧ ದಾರಿಯಷ್ಟೇ ಮುಗಿದಿರುತ್ತದೆ. 70ನೇ ಲೆವೆಲ್‌ಗೆ ಸಾಕಾಗುವುದು 7,37,627. ಭಾಗಿಸಿ ನೋಡಿ: ಒಂದೇ ಕಸುಬನ್ನು 99ಕ್ಕೆ ಒಯ್ಯುವ ಎಕ್ಸ್‌ಪಿಯಲ್ಲಿ ಹದಿನೇಳು ಕಸುಬುಗಳು 70ಕ್ಕೆ ಏರುತ್ತವೆ. ಆದರೂ ಯೂಟ್ಯೂಬ್ ತೆರೆದರೆ "ಅತಿ ಬೇಗ 99" ಎಂಬ ವಿಡಿಯೋಗಳ ಸಾಲೇ ಸಾಲು. ಒಂದೇ ಬಂಡೆಯ ಮುಂದೆ ವಾರಗಟ್ಟಲೆ ಹೆಬ್ಬೆರಳು ಸವೆಸುವುದನ್ನೇ ಸಾಧನೆ ಎಂದು ಲಕ್ಷಾಂತರ ಜನ ನಂಬಿಕೊಂಡಿದ್ದಾರೆ. ಈ ಆಟದ ರುಚಿ ಹಾಳಾದದ್ದು ಅದರಿಂದಲೇ.

ರಸ ಇರುವುದು ಕಸುಬುಗಳು ಒಂದಕ್ಕೊಂದು ನೆರವಾಗುವ ಜಾಗದಲ್ಲಿ. ಇದು ಈ ಲೇಖಕನಿಗೆ ಗೊತ್ತಾದದ್ದು 2020ರ ಲಾಕ್‌ಡೌನಿನಲ್ಲಿ, ಮಡಕಶಿರಾ ಕಡೆಯ ಅಜ್ಜಿಯ ಊರಿನಲ್ಲಿ. ಆಟದೊಳಗೆ ಲಂಬ್ರಿಡ್ಜ್ ಎಂಬ ಊರಿನ ಪಕ್ಕದ ಹೊಲದಲ್ಲಿ ಫ್ರೆಡ್ ಎಂಬ ರೈತ ಇಪ್ಪತ್ತು ಉಂಡೆ ಉಣ್ಣೆನೂಲು ಕೇಳುತ್ತಾನೆ. ಕತ್ತರಿ ಹಿಡಿದು ಕುರಿಯ ಹಿಂದೆ ಹೋದರೆ ಕೆಲವೊಮ್ಮೆ ಅದು ನುಣುಚಿಕೊಳ್ಳುತ್ತದೆ. ಜಗಲಿಯಲ್ಲಿ ಪಕ್ಕಕ್ಕೆ ಕೂತಿದ್ದ ಅಜ್ಜಿ ಫೋನಿನೊಳಗೆ ಇಣುಕಿ, "ಹಿಂಗಾಲು ಹಿಡೀಬೇಕಪ್ಪ, ಹಂಗೆ ಬೆನ್ನು ಸವರಿದ್ರೆ ಕುರಿ ನಿಂತಾವಾ?" ಎಂದರು. ಉಣ್ಣೆ ಕೈಗೆ ಬಂದ ಮೇಲೆ ಅವರ ಎರಡನೇ ಪ್ರಶ್ನೆ: "ಸರಿ, ನೂಲೋದೆಲ್ಲಿ?" ಪಾತ್ರ ಕೋಟೆಯ ಮೆಟ್ಟಿಲು ಹತ್ತಿ ರಾಟೆಯ ಮುಂದೆ ನಿಂತಿತು. "ಹಿಂಜಲೇ ಇಲ್ವಲ್ಲೋ!" ಎಂದು ಅಜ್ಜಿ ಹೌಹಾರಿದರು.

ಅವರು ಕೇಳಿದ್ದು ಸರಿಯಾಗಿಯೇ ಇತ್ತು. ಈ ಸೀಮೆಯ ಕುರುಬರ ಮನೆಗಳಲ್ಲಿ, ಗಡಿಯಾಚೆಗಿನ ಚಳ್ಳಕೆರೆ ಕಡೆಯಲ್ಲಿ, ಒಂದು ಕಂಬಳಿ ಆಗಬೇಕಾದರೆ ಉಣ್ಣೆ ಕತ್ತರಿಸಬೇಕು, ಹಿಂಜಬೇಕು, ಕದಿರಿಗೆ ಹಾಕಿ ನೂಲಬೇಕು, ಹಾಸಿನ ನೂಲಿಗೆ ಹುಣಸೆಬೀಜದ ಗಂಜಿ ತಿನ್ನಿಸಬೇಕು, ಆಮೇಲೆ ಗುಂಡಿಮಗ್ಗಕ್ಕೆ ಇಳಿಯಬೇಕು. ಒಂದು ಕೆಲಸ ತಪ್ಪಿದರೆ ಮುಂದಿನದು ನಿಲ್ಲುತ್ತದೆ. ಆಟದಲ್ಲಾದರೆ ಇಪ್ಪತ್ತು ಉಂಡೆಗೆ ತಲಾ 2.5ರಂತೆ 50 ಎಕ್ಸ್‌ಪಿ, ಫ್ರೆಡ್ ಕೊಟ್ಟ 150, ಒಟ್ಟು 200. ಮೂರನೇ ಲೆವೆಲ್‌ಗೆ ಬೇಕಾದ್ದು 174. ಅಂದು ಮೂರಕ್ಕೇರಿದ ಆ ಅಂಕಿ ಕೊಟ್ಟ ಸಂತೋಷ ಮುಂದೆ ಬೇರೆ ಯಾವ ಅಂಕಿಯೂ ಕೊಡಲಿಲ್ಲ.

ಆದ್ದರಿಂದ ಹೊಸಬರಿಗೆ ಮೊದಲ ಸಲಹೆ: ಐರನ್‌ಮ್ಯಾನ್ ಪಾತ್ರ ಮಾಡಿಕೊಳ್ಳಿ. 2014ರಲ್ಲಿ ಬಂದ ಈ ಬಗೆಯಲ್ಲಿ ಬೇರೆ ಆಟಗಾರರೊಂದಿಗೆ ಕೊಡುಕೊಳ್ಳುವಿಕೆ ಇಲ್ಲ, ಗ್ರ್ಯಾಂಡ್ ಎಕ್ಸ್‌ಚೇಂಜ್ ಮುಚ್ಚಿದ ಬಾಗಿಲು. ಬೇಕಾದ್ದನ್ನು ನೀವೇ ಅಗೆಯಬೇಕು, ಕಾಯಿಸಬೇಕು, ಕೊರೆಯಬೇಕು.

ಈಗ ಈ ಲೇಖಕ ಯಾರ ಮುಂದೆ ಕೂತರೂ ಹೇಳದೆ ಬಿಡದ ಸಂಗತಿಗೆ ಬರೋಣ, ಫೋರ್ಜಿಂಗ್ ಉಂಗುರಕ್ಕೆ. ಕಮ್ಮಾರಿಕೆಯ 15ನೇ ಲೆವೆಲ್‌ನಲ್ಲಿ ಕಬ್ಬಿಣದ ಅದಿರು ಕರಗಿಸಬಹುದು. ಆದರೆ ಕುಲುಮೆಗೆ ಹಾಕಿದ ಅದಿರಿನಲ್ಲಿ ಅರ್ಧಕ್ಕರ್ಧ ಕೈಬಿಟ್ಟು ಹೋಗುತ್ತದೆ. ಬೆವರು ಸುರಿಸಿ ತಂದ ಇಪ್ಪತ್ತೆಂಟು ಕಲ್ಲಿಗೆ ಹದಿನಾಲ್ಕು ಗಟ್ಟಿ ಸಿಕ್ಕರೆ ಪುಣ್ಯ. ಸಾಮಾನ್ಯ ಆಟಗಾರ ಇದನ್ನು ಶಪಿಸಿ ಮುಂದಕ್ಕೆ ಹೋಗುತ್ತಾನೆ. ರಸಿಕ ಇಲ್ಲಿ ನಿಲ್ಲಬೇಕು, ಯಾಕೆಂದರೆ ಪರಿಹಾರ ಇರುವುದು ಕಮ್ಮಾರನ ಕೈಯಲ್ಲಿ ಅಲ್ಲವೇ ಅಲ್ಲ, ಅಕ್ಕಸಾಲಿಗನ ಕೈಯಲ್ಲಿ. ಕೆಂಪಿನ ಉಂಗುರಕ್ಕೆ ಮಂತ್ರ ಹಾಕಿ ತೊಟ್ಟರೆ ಒಂದು ಚೂರು ಕಬ್ಬಿಣವೂ ಹಾಳಾಗುವುದಿಲ್ಲ.

ಆ ಉಂಗುರದ ದಾರಿಯನ್ನು ಹಿಂದಿನಿಂದ ನಡೆದು ನೋಡಿ. ಚಿನ್ನದ ಅದಿರು ಅಗೆಯಲು ಗಣಿ ಕೆಲಸ 40. ಅದನ್ನು ಗಟ್ಟಿ ಮಾಡಲು ಕಮ್ಮಾರಿಕೆಯೂ 40. ಕೆಂಪು ಕೊರೆಯಲು ಕ್ರಾಫ್ಟಿಂಗ್ 34, ಅದನ್ನು ಉಂಗುರಕ್ಕೆ ಕೂರಿಸಲೂ 34. ಮಂತ್ರಕ್ಕೆ ಮ್ಯಾಜಿಕ್ 49. ಕಲ್ಲು ಒಡೆಯುವಾಗ ಹರಳು ಸಿಗುವುದು 256ಕ್ಕೆ ಒಂದರಂತೆ, ಅದೂ ಬಹುಪಾಲು ನೀಲವೋ ಪಚ್ಚೆಯೋ ಆಗಿರುತ್ತದೆ. ಐರನ್‌ಮ್ಯಾನ್‌ಗೆ ಒಂದು ಕೆಂಪು ಕಣ್ಣಿಗೆ ಬಿದ್ದ ದಿನ ಹಬ್ಬ. ನಾಲ್ಕು ಕಸುಬುಗಳು ಬೇರೆ ಬೇರೆ ವೇಗದಲ್ಲಿ ಏರಿ ಬಂದು ಒಂದೇ ಬೆರಳಿನ ಮೇಲೆ ಕೂಡುತ್ತವೆ. ತಾಳದಲ್ಲಿ ಬೇರೆ ಬೇರೆ ನಡೆಗಳು ಸಮಕ್ಕೆ ಬಂದು ಬೀಳುವಾಗ ಕಿವಿ ನಿಮಿರುವುದಿಲ್ಲವೇ, ಹಾಗೆ. ಈ ಆಟಕ್ಕೆ ತಾಳವೂ ಇದೆ: ಎಲ್ಲ ಕ್ರಿಯೆಗಳೂ 0.6 ಸೆಕೆಂಡಿನ ಮಿಡಿತಕ್ಕೆ ಕಟ್ಟಿಕೊಂಡಿವೆ, ಸುತ್ತಿಗೆ ಎತ್ತುವುದೂ ಕೊಡಲಿ ಬೀಸುವುದೂ ಆ ಎಣಿಕೆಯಲ್ಲೇ.

ಹೀಗಾಗಿ ಇನ್ನೊಬ್ಬರ ಆಟ ನೋಡುವಾಗ ಲೆವೆಲ್ ಪಟ್ಟಿಗಿಂತ ಮೊದಲು ಸರಕು ಕೂಡಿಡುವ ಬ್ಯಾಂಕ್ ತೆರೆಸಿ. ಕಲ್ಲಿದ್ದಲು ರಾಶಿ ಬಿದ್ದು ಕಬ್ಬಿಣ ಖಾಲಿಯಿದ್ದರೆ ಆತ ಓಟಗಾರ. ಒಂದು ಕಬ್ಬಿಣಕ್ಕೆ ಎರಡು ಕಲ್ಲಿದ್ದಲು ಸೇರಿದರೆ ಉಕ್ಕು. ಆ ಪ್ರಮಾಣದಲ್ಲೇ ಎರಡೂ ಇಟ್ಟುಕೊಂಡವನು ಕಸುಬುದಾರ. ಅಡುಗೆಯ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ಸೀಗಡಿ ಸೀಯುವುದು 34ನೇ ಲೆವೆಲ್‌ಗೆ ನಿಲ್ಲುತ್ತದೆ, ಲಾಬ್‌ಸ್ಟರ್ 74ಕ್ಕೆ. ಅಷ್ಟು ತಿಳಿದಿದ್ದರೆ ಸಾಕು.

ಬೇರೆ ಆಟಗಳು ಹಲವು ಕಸುಬು ಕಲಿಯುವ ಈ ಹಸಿವನ್ನು ಬೇರೆ ಬೇರೆ ರೀತಿಯಲ್ಲಿ ಕಂಡಿವೆ. 1997ರ ಅಲ್ಟಿಮಾ ಆನ್‌ಲೈನ್ ಎಲ್ಲ ವಿದ್ಯೆಗಳಿಗೂ ಸೇರಿ 700 ಅಂಕದ ಮಿತಿ ಹಾಕಿತು. ಒಂದನ್ನು ಏರಿಸಲು ಇನ್ನೊಂದನ್ನು ಬಿಟ್ಟುಕೊಡಬೇಕಿತ್ತು. 2004ರ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಒಂದು ಪಾತ್ರಕ್ಕೆ ಎರಡೇ ಮುಖ್ಯ ವೃತ್ತಿ ಎಂದಿತು. ಜೀನ್ಸ್ ಘಟಕದಲ್ಲಿ ಜೇಬು ಹೊಲಿಯುವವನು ದಿನವಿಡೀ ಜೇಬನ್ನೇ ಹೊಲಿಯುವಂತೆ. ಫೈನಲ್ ಫ್ಯಾಂಟಸಿ 14 ಮಾತ್ರ ಬಡಗಿ, ನೇಕಾರ, ಅಕ್ಕಸಾಲಿಗ ಸೇರಿ ಎಂಟೂ ಕಸುಬುಗಳನ್ನು ಒಬ್ಬನೇ ಕಲಿಯಲು ಬಿಡುತ್ತದೆ. ಅದರ ಸೊಗಸು ದೊಡ್ಡದು, ಆದರೆ ರಾಯದುರ್ಗದ ಫೋನಿಗೆ ಅದು ದಕ್ಕುವುದಿಲ್ಲ.

ನೋಡಲೇಬೇಕಾದ ಪ್ರದರ್ಶನ ಒಂದಿದೆ: ಸೆಟಲ್ಡ್ ಎಂಬ ಆಟಗಾರ 2019ರಲ್ಲಿ ಯೂಟ್ಯೂಬಿನಲ್ಲಿ ಶುರುಮಾಡಿದ ಸ್ವಾಂಪ್ಲೆಟಿಕ್ಸ್ ಸರಣಿ. ಬ್ಯಾಂಕನ್ನೂ ಬಳಸದ ಕಟ್ಟಾ ಐರನ್‌ಮ್ಯಾನ್ ಆಗಿ, ಮೋರಿಟೇನಿಯಾ ಎಂಬ ಜೌಗು ಸೀಮೆಯಾಚೆ ಕಾಲಿಡದೆ ಆತ ಆಡಿದ. ಹೊರಗೆ ಅಂಗಡಿಯಲ್ಲಿ ಚಿಲ್ಲರೆಗೆ ಸಿಗುವ ವಸ್ತುವಿಗಾಗಿ ಆತ ಪಡುವ ಪಾಡು ನೋಡಿದವರಿಗೆ ಒಂದೊಂದು ಕಸುಬಿನ ತೂಕ ತಿಳಿಯುತ್ತದೆ.

ಟೀ ಅಂಗಡಿಯ ಆ ಹುಡುಗ ಈಗ ಹೊಸ ಪಾತ್ರ ಮಾಡಿಕೊಂಡಿದ್ದಾನೆ. ಮೇಲಂಗಿ ಇಲ್ಲ, ಮಾರುಕಟ್ಟೆ ಇಲ್ಲ. ಹೋದ ವಾರ ಅವನಿಗೆ ಮೊದಲ ಕೆಂಪು ಸಿಕ್ಕಿತು, ಉಂಗುರವಾಯಿತು. ಅದರ ಆಯುಸ್ಸು 140 ಗಟ್ಟಿ ಕಬ್ಬಿಣ. ಕೊನೆಯದು ಕುಲುಮೆಯಿಂದ ಹೊರಬಿದ್ದಾಗ ಉಂಗುರ ಕರಗಿಹೋಯಿತೆಂಬ ಸಾಲು ಪರದೆಯ ಮೇಲೆ ಮೂಡಿತು. ಹುಡುಗ ಟೀ ಲೋಟ ಕೆಳಗಿಟ್ಟು, ಪಿಕಾಸಿ ಹಿಡಿದು ಮತ್ತೆ ಗಣಿಯ ಕಡೆ ನಡೆದ.