ಗೋಡು ಹೊತ್ತ ಊರುಗಳು ಜೊಂಡನ್ನೂ ಹೊರಲಿ

ಕೆರೆನೀರಿನಲ್ಲಿ ಗೊಬ್ಬರದ ಅಂಶ ಎಷ್ಟಿದೆ ಎಂಬುದನ್ನು ಅಂಚಿನ ಗಿಡಗಳೇ ಹೇಳುತ್ತವೆ. ಗಿಡ ನೋಡುವ ಹವ್ಯಾಸಿಗಳು ಇದಕ್ಕಾಗಿ ಒಮ್ಮೆ ಕೋಲಾರ ಸೀಮೆಗೆ ಹೋಗಬೇಕು. 2018ರ ಜೂನ್‌ನಲ್ಲಿ ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿತ ನೀರು ಲಕ್ಷ್ಮೀಸಾಗರ ಕೆರೆಗೆ ಬಂತು. ಮುಂದೆ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಕಡೆಗೆ ಕೆರೆಯಿಂದ ಕೆರೆಗೆ ಹರಿಯಿತು. ದಿನಕ್ಕೆ 44 ಕೋಟಿ ಲೀಟರ್ ಯೋಜನೆಯ ಗುರಿ. ಜಾಲಿ ಬೆಳೆದಿದ್ದ ಕೆರೆಯಂಗಳಗಳಲ್ಲಿ ನೀರು ನಿಂತಿತು.

ಎರಡು ಹಂತದ ಸಂಸ್ಕರಣೆ ಕೊಳೆಯನ್ನು ಬಹುಪಾಲು ತೆಗೆಯುತ್ತದೆ. ಕರಗಿದ ಸಾರಜನಕ, ರಂಜಕ ಮಾತ್ರ ಸಾಕಷ್ಟು ಉಳಿಯುತ್ತವೆ. ಗಿಡಗಳಿಗೆ ಅದೇ ಗೊಬ್ಬರ.

ಸತ್ವ ಕಡಿಮೆಯಿದ್ದಾಗ ಗಿಡ ತನ್ನ ಗಳಿಕೆಯನ್ನು ಬೇರಿಗೆ ಹಾಕುತ್ತದೆ. ಒಣಗುವ ಎಲೆಯಿಂದಲೂ ಸಾರವನ್ನು ಹಿಂದಕ್ಕೆ ಎಳೆದುಕೊಳ್ಳುತ್ತದೆ. ಸತ್ವ ಹೆಚ್ಚಿದರೆ ಎಲೆಗೆ ಸುರಿಯುತ್ತದೆ. ನೇರಳೆ ಹೂವಿನ ವಾಟರ್ ಹಯಸಿಂತ್ ಕಳೆಯನ್ನು ಎತ್ತಿ ನೋಡಿ: ಬಡ ನೀರಿನಲ್ಲಿ ಬೇರು ಉದ್ದ, ಎಲೆ ಕಿರಿದು, ಸತ್ವ ತುಂಬಿದ ನೀರಿನಲ್ಲಿ ಬೇರು ಗಿಡ್ಡ, ಎಲೆ ಅಗಲ.

ಸತ್ವ ಯಥೇಚ್ಛವಾದಾಗ ಗಿಡಗಳ ಪೈಪೋಟಿ ಬೆಳಕಿಗಾಗಿ ನಡೆಯುತ್ತದೆ. ಆಳೆತ್ತರ ಮೀರಿ ಬೆಳೆಯುವ ಜೊಂಡಿನ ನೆರಳಲ್ಲಿ ಒಂದೆಲಗ, ಹೊನಗೊನ್ನೆ, ಸಣ್ಣ ಜೇಕುಗಳು ಸೊರಗುತ್ತವೆ. ಅಮೆರಿಕದ ಫ್ಲಾರಿಡಾದ ಎವರ್‌ಗ್ಲೇಡ್ಸ್ ಜೌಗಿನಲ್ಲೂ ಹೀಗೇ ಆಯಿತು. ಹೊಲಗಳಿಂದ ಹರಿದುಬಂದ ರಂಜಕದಿಂದ ಅಲ್ಲಿನ ಗರಗಸ ಹುಲ್ಲಿನ ಜಾಗವನ್ನು ಜೊಂಡು ಹಿಡಿಯಿತು. ಆ ಜೌಗಿನ ನೀರಿಗೆ ಈಗ ಲೀಟರಿಗೆ 10 ಮೈಕ್ರೋಗ್ರಾಂ ರಂಜಕದ ಮಿತಿಯಿದೆ. ನಮ್ಮ ಕೆರೆಗಳಿಗೆ ಅಷ್ಟು ಬಿಗಿ ಮಿತಿ ಹೊಂದದು, ಆದರೆ ಪಾಠ ಅದೇ.

ಎರಡು ಸತ್ವಗಳ ನಡುವೆ ಒಂದು ದೊಡ್ಡ ವ್ಯತ್ಯಾಸವಿದೆ. ಸಾರಜನಕದ ಒಂದು ಪಾಲನ್ನು ಕೆಸರಿನ ಸೂಕ್ಷ್ಮಜೀವಿಗಳು ಅನಿಲವಾಗಿಸಿ ಗಾಳಿಗೆ ಬಿಡುತ್ತವೆ. ರಂಜಕಕ್ಕೆ ಆ ದಾರಿಯಿಲ್ಲ. ಅದು ಹೂಳಿಗೆ ಸೇರುತ್ತದೆ, ಮತ್ತೆ ನೀರಿಗೆ ಬರುತ್ತದೆ. ಅದನ್ನು ಕೆರೆಯಿಂದ ಹೊತ್ತೇ ಸಾಗಿಸಬೇಕು. ಹಿಂದೆ ಬೇಸಿಗೆಯಲ್ಲಿ ಕೆರೆ ಬತ್ತಿದಾಗ ರೈತರು ಗೋಡುಮಣ್ಣನ್ನು ಗಾಡಿಯಲ್ಲಿ ಹೊಲಕ್ಕೆ ಹೊಡೆಯುತ್ತಿದ್ದರು. ರಂಜಕವೂ ಅದರೊಂದಿಗೆ ಹೊರಡುತ್ತಿತ್ತು. ವರ್ಷವಿಡೀ ನೀರು ನಿಲ್ಲುವ ಕೆರೆಯಲ್ಲಿ ಆ ಕೆಲಸ ಸಾಧ್ಯವಿಲ್ಲ.

ಆದ್ದರಿಂದ ಜೊಂಡನ್ನು ಶತ್ರುವೆಂದು ಕಾಣಬೇಡಿ. ನೀರಿನಲ್ಲೂ ಕೆಸರಿನಲ್ಲೂ ಚದುರಿದ ರಂಜಕವನ್ನು ಅದು ಕೈಗೆ ಸಿಗುವಂತೆ ಎಲೆಯಲ್ಲಿ ಕೂಡಿಸಿಡುತ್ತದೆ. ಕೊಯ್ಯುವ ಹೊತ್ತು ಮುಖ್ಯ: ಎಲೆ ಹಸಿರಾಗಿದ್ದು, ತೆನೆ ಬಲಿಯುವ ಮೊದಲೇ ಕೊಯ್ಯಬೇಕು. ಒಣಗಿದ ಮೇಲೆ ಕೊಯ್ದರೆ ಸತ್ವದ ದೊಡ್ಡ ಪಾಲು ಆಗಲೇ ಗಡ್ಡೆಗೆ ಇಳಿದಿರುತ್ತದೆ. ಕೊಯ್ದುದನ್ನು ಏರಿಯ ಮೇಲೆ ಬಿಟ್ಟರೆ ಮಳೆಗೆ ಮತ್ತೆ ಕೆರೆಗೇ ಸೇರುತ್ತದೆ. ಲೋಹದ ಅಂಶ ಪರೀಕ್ಷಿಸಿ, ದೂರದ ಗುಂಡಿಯಲ್ಲಿ ಗೊಬ್ಬರ ಮಾಡಬೇಕು. ಗೂಡು ಕಟ್ಟುವ ಜಂಬುಕೋಳಿಗಳಿಗಾಗಿ ಒಂದು ಪಟ್ಟಿಯನ್ನು ಮುಟ್ಟದೆ ಉಳಿಸಬೇಕು.

ಗೋಡು ಹೊತ್ತ ಊರುಗಳಿಗೆ ಈ ಲೆಕ್ಕ ಹೊಸದಲ್ಲ. ಗಾಡಿಗೆ ಮಣ್ಣಿನ ಬದಲು ಹಸಿ ಜೊಂಡು ತುಂಬಬೇಕು, ಅಷ್ಟೆ.